ಹಾರಲಾರದ ಹದ್ದನ್ನು ಉಳಿಸಿಕೊಳ್ಳುವುದು ಸರಿಯೆ?

ಗರಿಗಾವಲು:
ಗಾಯಗೊಂಡ ಕಾಡುಜೀವಿಗಳ ಆರೈಕೆ ಕೇಂದ್ರವೊಂದರಲ್ಲಿ ಸ್ವಯಂಸೇವಕನಾಗಿದ್ದೇನೆ. ನಮ್ಮಲ್ಲೀಗ ಪೂರ್ಣ ಬೆಳೆದ ಹದ್ದೊಂದು ಇದೆ. ರೆಕ್ಕೆಯ ಮಣಿಕಟ್ಟಿನ ಬಳಿ ಮೂಳೆ ಮುರಿದಿತ್ತು. ಅದನ್ನು ಕಂಡವರು ಒಳ್ಳೆಯ ಮನಸ್ಸಿನಿಂದಲೇ ಮನೆಗೆ ಒಯ್ದು, ಬಟ್ಟೆ ಸುತ್ತಿ ಕಟ್ಟಿ, ವಾರಗಟ್ಟಲೆ ಸಾಕಿ, ಹಾರದೇ ಇದ್ದಾಗ ನಮಗೆ ತಂದುಕೊಟ್ಟರು. ಅಷ್ಟು ಹೊತ್ತಿಗೆ ಮೂಳೆ ಸೊಟ್ಟಗೆ ಕೂಡಿಕೊಂಡು ಕೀಲು ಬಿಗಿದುಹೋಗಿತ್ತು. ಇನ್ನು ಹಾರುವುದಿಲ್ಲ ಎಂದು ನಮ್ಮ ವೈದ್ಯರು ಖಚಿತವಾಗಿ ಹೇಳಿದ್ದಾರೆ. ದಯಾಮರಣವೇ ಲೇಸು ಎಂಬುದು ಅವರ ಸಲಹೆ. ಸ್ವಯಂಸೇವಕರು ಎರಡು ಪಂಗಡವಾಗಿದ್ದಾರೆ. ತಿನ್ನುತ್ತಿದೆ, ಕಣ್ಣು ಚುರುಕಾಗಿದೆ, ಇಂಥದ್ದನ್ನು ಕೊಲ್ಲುವುದು ಹೇಗೆ ಎನ್ನುವವರು ಒಂದು ಕಡೆ. ಆಕಾಶವಿಲ್ಲದ ಹದ್ದಿಗೆ ಬೋನಿನಲ್ಲಿ ಇಪ್ಪತ್ತು ವರ್ಷ ಕೊಟ್ಟು ಯಾರಿಗೆ ಉಪಕಾರ ಎನ್ನುವವರು ಇನ್ನೊಂದು ಕಡೆ. ಈ ಕೆಲಸದಲ್ಲಿ ಪಳಗಿದವರು ಏನು ಹೇಳುತ್ತೀರಿ?

ಮಂಜಿನಹನಿ:
ಇದರಲ್ಲಿ ಕೇಳುವುದೇನಿದೆ? ಜೀವ ಕೊಡಲಾಗದ ನಮಗೆ ಜೀವ ತೆಗೆಯುವ ಹಕ್ಕು ಎಲ್ಲಿಂದ ಬಂತು? ಮೂರು ಕಾಲಿನ ನಾಯಿಗಳು ಸಂತೋಷವಾಗಿ ಓಡಾಡುವುದನ್ನು ಎಲ್ಲರೂ ನೋಡಿದ್ದೇವೆ. ಹದ್ದಿಗೂ ಒಂದು ದೊಡ್ಡ ಬೋನು ಕಟ್ಟಿ, ಹೊತ್ತಿಗೆ ಸರಿಯಾಗಿ ಮಾಂಸ ಹಾಕಿ. ಬೇಟೆಯ ಪಾಡಿಲ್ಲ, ಮಳೆ ಬಿಸಿಲಿನ ಕಾಟವಿಲ್ಲ. ಇದಕ್ಕಿಂತ ಏನು ಬೇಕು?

ಕಾಡುವೈದ್ಯೆ:
ಮಂಜಿನಹನಿ ಅವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ನಾಯಿಯ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ನಾಯಿ ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆ ಬಾಳಿದ ಪ್ರಾಣಿ. ನಾವು ಹತ್ತಿರ ಬಂದರೆ ಅದಕ್ಕೆ ಧೈರ್ಯ ಬರುತ್ತದೆ. ಕಾಡಿನಲ್ಲಿ ಬೆಳೆದು ಬಂದ ಹಕ್ಕಿಯ ಲೆಕ್ಕದಲ್ಲಿ ನಾವು ಅದನ್ನು ತಿನ್ನಲು ಬಂದ ದೊಡ್ಡ ಮೃಗ. ಬೋನು ಶುಚಿ ಮಾಡಲು ದಿನಕ್ಕೆ ಎರಡು ಸಲ ಒಳಗೆ ಹೋದರೂ ಅದರ ಪಾಲಿಗೆ ಎರಡು ಸಲ ಸಾವು ಎದುರಿಗೆ ಬಂದು ನಿಂತಂತೆ.

ಇನ್ನು ದೇಹದ ಸಂಗತಿ. ಹಕ್ಕಿಯ ಮೂಳೆ ಟೊಳ್ಳು, ಗೋಡೆ ತೆಳು, ಮುರಿದರೆ ಚೂರುಚೂರಾಗುತ್ತದೆ. ಕೂಡಿಕೊಳ್ಳುವುದೂ ಬೇಗ, ಎರಡು ಮೂರು ವಾರ ಸಾಕು. ನೆಟ್ಟಗೆ ಕೂಡಿಸಲು ನಮಗೆ ಸಿಗುವ ಸಮಯ ಮೊದಲ ಕೆಲವು ದಿನಗಳು ಮಾತ್ರ. ಮುರಿತ ಮೂಳೆಯ ನಡುವೆ ಇದ್ದರೆ ಒಳಗೆ ಸರಳು ಹಾಕಿ ಸರಿಪಡಿಸಬಹುದು. ಕೀಲಿಗೆ ತಾಗಿದ್ದರೆ ನುರಿತ ಶಸ್ತ್ರವೈದ್ಯರೂ ಕೈಚೆಲ್ಲುವುದುಂಟು. ಮೇಲಾಗಿ ಭುಜ ಮತ್ತು ಮಣಿಕಟ್ಟಿನ ನಡುವೆ ಒಂದು ಚರ್ಮದ ಪೊರೆ ಇದೆ. ರೆಕ್ಕೆಯನ್ನು ಮಡಚಿ ಬಹಳ ದಿನ ಕಟ್ಟಿಟ್ಟರೆ ಆ ಪೊರೆ ಕುಗ್ಗಿ ಗಟ್ಟಿಯಾಗುತ್ತದೆ, ಆಮೇಲೆ ಮೂಳೆ ಸರಿಯಾಗಿದ್ದರೂ ರೆಕ್ಕೆ ಬಿಚ್ಚುವುದಿಲ್ಲ. ಈ ಹದ್ದಿಗೆ ಎರಡೂ ಆಗಿರುವಂತಿದೆ.

ಹಾರದ ಬೇಟೆಹಕ್ಕಿ ದಿನವಿಡೀ ಕಾಲಿನ ಮೇಲೆ ಭಾರ ಹಾಕಿ ಕೂರುತ್ತದೆ. ಅಂಗಾಲಿನ ಚರ್ಮ ಸವೆದು ಹುಣ್ಣಾಗುತ್ತದೆ, ಸೋಂಕು ಮೂಳೆಗೂ ಇಳಿಯುತ್ತದೆ. ಬಂಬಲ್‌ಫುಟ್ ಎನ್ನುವುದು ಇದನ್ನೇ. ಒತ್ತಡದಲ್ಲಿರುವ ಹಕ್ಕಿಯ ಶ್ವಾಸಕೋಶ ಮತ್ತು ಗಾಳಿಚೀಲಗಳಲ್ಲಿ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಬೆಳೆಯುತ್ತದೆ. ಹೊರಗೆ ಚಿಹ್ನೆ ಕಾಣುವ ಹೊತ್ತಿಗೆ ಬಹುಪಾಲು ಕಾಲ ಮೀರಿರುತ್ತದೆ. ತಿನ್ನುತ್ತಿದೆ ಎಂಬುದೊಂದನ್ನೇ ಹಿಡಿದುಕೊಂಡು ಚೆನ್ನಾಗಿದೆ ಎನ್ನಬೇಡಿ. ಹಸಿದ ಕೈದಿಯೂ ತಿನ್ನುತ್ತಾನೆ.

ಹಿತ್ತಲಹಕ್ಕಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ಓದಿದ ಮೇಲೆ ಭಯವಾಗುತ್ತಿದೆ. ಇವತ್ತು ಬೆಳಿಗ್ಗೆ ನಮ್ಮ ಗಿಡದ ಬುಡದಲ್ಲಿ ಪಿಕಳಾರದ ಮರಿಯೊಂದು ಕುಪ್ಪಳಿಸುತ್ತಿದೆ. ಮೈತುಂಬ ಪುಕ್ಕ ಇದೆ, ಬಾಲ ಮೋಟು. ಎತ್ತಿಕೊಂಡು ಬರಲೆ? ನೀರು ಕುಡಿಸಲೆ? ಪಕ್ಕದ ಮನೆಯ ಬೆಕ್ಕು ಬೇರೆ ಸುಳಿದಾಡುತ್ತಿದೆ.

ಹಳೆಹುಲಿ:
ಹಿತ್ತಲಹಕ್ಕಿ, ಕೈ ಕಟ್ಟಿಕೊಂಡು ಸ್ವಲ್ಪ ದೂರ ನಿಲ್ಲಿ. ಪುಕ್ಕ ಬಂದು, ಬಾಲ ಮೋಟಾಗಿದ್ದು, ಕುಪ್ಪಳಿಸುವ ಮರಿ ಗೂಡಿನಿಂದ ಬಿದ್ದದ್ದಲ್ಲ, ಗೂಡು ಬಿಟ್ಟದ್ದು. ಹಾರುವುದಕ್ಕೆ ಮೊದಲು ಕೆಲವು ದಿನ ನೆಲದಲ್ಲೂ ಪೊದೆಯಲ್ಲೂ ಕಳೆಯುವುದು ಹಲವು ಹಾಡುಹಕ್ಕಿಗಳ ಕ್ರಮ. ತಾಯಿ ತಂದೆ ಅಲ್ಲೇ ಎಲ್ಲೋ ಕುಳಿತು ನಿಮ್ಮನ್ನು ಶಪಿಸುತ್ತಿರುತ್ತವೆ. ನೀವು ಹೊರಟರೆ ಹುಳ ಹಿಡಿದು ಬರುತ್ತವೆ. ದಾರಿಯ ಮೇಲಿದ್ದರೆ ಎತ್ತಿ ಹತ್ತಿರದ ಪೊದೆಯ ಮೇಲೆ ಕೂರಿಸಿ, ಸಾಕು. ಮನುಷ್ಯ ಮುಟ್ಟಿದ ವಾಸನೆಗೆ ತಾಯಿ ಮರಿಯನ್ನು ತೊರೆಯುತ್ತದೆ ಎಂಬ ಮಾತನ್ನು ನನ್ನ ಅಜ್ಜಿಯೂ ಹೇಳುತ್ತಿದ್ದರು. ಅದು ನಿಜವಲ್ಲ. ಪುಕ್ಕವೇ ಇಲ್ಲದ, ಕಣ್ಣು ತೆರೆಯದ ಮರಿಯಾಗಿದ್ದರೆ ಬೇರೆ ಮಾತು. ಗೂಡು ಕೈಗೆಟಕುವಂತಿದ್ದರೆ ವಾಪಸು ಇಡಬೇಕು.

ಈ ಕೆಲಸದಲ್ಲಿ ತಲೆ ನರೆಸಿಕೊಂಡವನಾಗಿ ಒಂದು ಮಾತು ಹೇಳುತ್ತೇನೆ. ಕೇಂದ್ರಗಳಿಗೆ ವಸಂತದಲ್ಲಿ ಬರುವ ಮರಿಗಳಲ್ಲಿ ಬಹಳಷ್ಟು ಅನಾಥವಲ್ಲ, ಅಪಹರಣವಾದವು. ಮೊಲದ ಮರಿ ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ್ದರೆ ತಾಯಿ ಬಿಟ್ಟುಹೋಗಿದೆ ಎಂದು ತಿಳಿಯುತ್ತಾರೆ. ಶತ್ರುಗಳಿಗೆ ಗುರುತು ಸಿಗದಿರಲೆಂದು ತಾಯಿಯೇ ದೂರ ಇರುತ್ತದೆ, ಹಾಲೂಡಿಸಲು ಮಾತ್ರ ಬಂದು ಹೋಗುತ್ತದೆ. ಜಿಂಕೆಯ ಮರಿಯದ್ದೂ ಹೀಗೆಯೇ.

ಇನ್ನು ನಿಜವಾಗಿ ಗಾಯವಾಗಿದ್ದರೆ ಏನು ಮಾಡಬೇಕು? ರಟ್ಟಿನ ಪೆಟ್ಟಿಗೆ, ಗಾಳಿಗೆ ಕೆಲವು ತೂತು, ತಳಕ್ಕೆ ಎಳೆ ಬಿಚ್ಚದ ಬಟ್ಟೆ. ಟವೆಲಿನಿಂದ ತಲೆಯ ಸಮೇತ ಮುಚ್ಚಿ ಎತ್ತಿ, ಒಳಗಿಟ್ಟು, ಮುಚ್ಚಳ ಹಾಕಿ. ಕತ್ತಲೆ, ಬೆಚ್ಚಗೆ, ಸದ್ದಿಲ್ಲದೆ: ಮೂರೇ ಮದ್ದು. ಹಕ್ಕಿಯ ಮೈ ನಮಗಿಂತ ಬಿಸಿ, 40 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಆಘಾತದಲ್ಲಿ ಅದು ತಣ್ಣಗಾಗುವುದೇ ಮೊದಲ ಅಪಾಯ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ, ಸೆಕೆಯಾದರೆ ಇನ್ನೊಂದು ಬದಿಗೆ ಸರಿಯಲು ಜಾಗವಿರಲಿ. ಬಾಯಿಗೆ ನೀರು ಬಿಡಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಹನಿ ಹನಿಯಾಗಿ ಬಿಟ್ಟ ನೀರು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಆಹಾರವೂ ಬೇಡ. ತಣ್ಣಗಾದ, ನೀರಿಲ್ಲದೆ ಒಣಗಿದ ಮೈಗೆ ಜೀರ್ಣಿಸುವ ತ್ರಾಣವಿರುವುದಿಲ್ಲ. ಮೊದಲು ಬಿಸುಪು, ಆಮೇಲೆ ದ್ರವ, ಕೊನೆಗೆ ಆಹಾರ. ಬಹಳ ದಿನ ಉಪವಾಸವಿದ್ದ ಪ್ರಾಣಿಗೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಸಾಯುವುದೂ ಉಂಟು.

ಸಿಕ್ಕ ಜಾಗವನ್ನು ಬರೆದಿಟ್ಟುಕೊಳ್ಳಿ. ಇದನ್ನು ಎಲ್ಲರೂ ಮರೆಯುತ್ತಾರೆ. ಆಮೆಯಂಥ ಪ್ರಾಣಿಗೆ ತನ್ನ ಊರು ಬಿಟ್ಟು ಬೇರೆ ಊರು ತಿಳಿಯದು. ಎಲ್ಲೆಲ್ಲೋ ಬಿಟ್ಟರೆ ಹಳೆಯ ಜಾಗ ಹುಡುಕುತ್ತ ಮತ್ತೆ ರಸ್ತೆಗೆ ಬೀಳುತ್ತದೆ.

ಕಾಡುವೈದ್ಯೆ:
ಹಳೆಹುಲಿ ಅವರ ಮಾತಿಗೆ ಎರಡು ಸೇರಿಸುತ್ತೇನೆ. ಬೆಕ್ಕು ಬಾಯಿ ಹಾಕಿದ ಪ್ರಾಣಿ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಲೇಬೇಕು. ಬೆಕ್ಕಿನ ಬಾಯಿಯಲ್ಲಿ ಪಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಸೂಜಿ ಚುಚ್ಚಿದಷ್ಟು ಗಾಯದಿಂದಲೂ ರಕ್ತಕ್ಕೆ ನಂಜೇರಿ, ಸಣ್ಣ ಹಕ್ಕಿ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಆಂಟಿಬಯೋಟಿಕ್ ಬೇಕೇ ಬೇಕು. ಎರಡನೆಯದು, ಮುರಿದ ರೆಕ್ಕೆಯಿಂದ ಮೂಳೆ ಹೊರಗೆ ಬಂದಿದ್ದರೆ ತೊಳೆಯಲು ಹೋಗಬೇಡಿ. ಅನೇಕ ಹಕ್ಕಿಗಳಲ್ಲಿ ತೋಳಿನ ಮೂಳೆ ಗಾಳಿಚೀಲಕ್ಕೆ ಸೇರಿಕೊಂಡಿರುತ್ತದೆ. ಅಲ್ಲಿ ಹುಯ್ದ ನೀರು ಉಸಿರಾಟದ ಅಂಗಕ್ಕೇ ಹೋಗುತ್ತದೆ. ಮನೆಯಲ್ಲಿರುವ ನೋವಿನ ಮಾತ್ರೆಯನ್ನೂ ದಯವಿಟ್ಟು ಮುಟ್ಟಬೇಡಿ.

ನಿಶಾಚರ:
ಬಾವಲಿಗಳ ಪರವಾಗಿ ನಾಲ್ಕು ಮಾತು. ನೆಲದ ಮೇಲೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಎಲ್ಲ ಬಾವಲಿಗೂ ರೇಬೀಸ್ ಇದೆ ಎಂದಲ್ಲ, ಹೆಚ್ಚಿನವಕ್ಕೆ ಇಲ್ಲ. ಆದರೆ ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಲು ಅಪರೂಪ, ಆದ್ದರಿಂದ ಜೂಜು ಬೇಡ. ಕಚ್ಚಿದರೆ ಅಥವಾ ಪರಚಿದರೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಇದು ನಿಮಗಾಗಿ ಮಾತ್ರವಲ್ಲ. ನಿಮಗೆ ಕಚ್ಚಿದ ಬಾವಲಿಯನ್ನು ಪರೀಕ್ಷೆಗಾಗಿ ಕೊಲ್ಲಬೇಕಾಗಿ ಬರಬಹುದು. ಕೈಗವಸು ಹಾಕಿಕೊಂಡಿದ್ದರೆ ಅದೂ ಉಳಿಯುತ್ತಿತ್ತು.

ಹಾವುಗಳಿಗೂ ಯಾರಾದರೂ ವಕೀಲರು ಬೇಕು. ಇಲಿ ಹಿಡಿಯುವ ಅಂಟಿನ ಹಲಗೆಗೆ ಸಿಕ್ಕಿಕೊಂಡದ್ದನ್ನು ಎಳೆದರೆ ಚರ್ಮವೇ ಕಿತ್ತು ಬರುತ್ತದೆ. ಅಡುಗೆ ಎಣ್ಣೆ ಸವರಿದರೆ ಅಂಟು ಸಡಿಲವಾಗುತ್ತದೆ. ಆದರೆ ಅದು ಯಾವ ಹಾವು ಎಂದು ತಿಳಿಯದವರು ಎಣ್ಣೆ ಹಿಡಿದು ಹತ್ತಿರ ಹೋಗಬಾರದು, ಬಲ್ಲವರನ್ನು ಕರೆಯಬೇಕು.

ಅಂಕಿಸಂಖ್ಯೆ:
ಎಲ್ಲರೂ ಒಳ್ಳೆಯವರೇ ಇದ್ದೀರಿ, ಹಾಗಾಗಿ ಒರಟು ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಒಂದು ಹದ್ದನ್ನು ಉಳಿಸಿದರೆ ಹದ್ದುಗಳ ಕುಲಕ್ಕೆ ಏನಾಗುತ್ತದೆ? ಏನೂ ಆಗುವುದಿಲ್ಲ. 1990ರ ದಶಕದಲ್ಲಿ ದಕ್ಷಿಣ ಏಷ್ಯಾದ ಮೂರು ಜಾತಿಯ ರಣಹದ್ದುಗಳು ಶೇ 95ಕ್ಕಿಂತ ಹೆಚ್ಚು ನಾಶವಾದವು. ಒಂದೊಂದನ್ನೇ ಹಿಡಿದು ಡ್ರಿಪ್ ಹಾಕಿ ಬದುಕಿಸುತ್ತಾ ಕುಳಿತಿದ್ದರೆ ಇಷ್ಟು ಹೊತ್ತಿಗೆ ಒಂದೂ ಉಳಿಯುತ್ತಿರಲಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಮೂತ್ರಪಿಂಡ ಕೆಡಿಸುತ್ತಿದೆ ಎಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಅದನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಿದವು. ಕುಸಿತ ನಿಧಾನವಾದದ್ದು ಅದರಿಂದ. ಹಣ, ಜನ, ಸಮಯ ಇವು ಎಲ್ಲಿ ಹೆಚ್ಚು ಫಲ ಕೊಡುತ್ತವೆ ಎಂದು ಯೋಚಿಸುವುದೂ ಕರುಣೆಯೇ.

ಹಳೆಹುಲಿ:
ಅಂಕಿಸಂಖ್ಯೆಯವರೇ, ಆ ರಣಹದ್ದುಗಳ ಕಥೆ ಹೊರಬಂದದ್ದು ಹೇಗೆ? ಸತ್ತ ಹಕ್ಕಿಗಳನ್ನು ಯಾರೋ ಎತ್ತಿಕೊಂಡು ಬಂದು ಕೊಯ್ದು ನೋಡಿದ್ದರಿಂದ. ಗಾಯಾಳುಗಳನ್ನು ದಾಖಲಿಸುವ ಮನೆಯೂ ಅಂಥದ್ದೇ ಒಂದು ಕಾವಲು ಗೋಪುರ. ಯಾವ ರಸ್ತೆಯಲ್ಲಿ ಹೆಚ್ಚು ಪ್ರಾಣಿ ಬಡಿಯುತ್ತಿವೆ, ಯಾವ ಗಾಜಿನ ಕಟ್ಟಡಕ್ಕೆ ಹಕ್ಕಿ ಬೀಳುತ್ತಿವೆ, ಯಾವ ಕೆರೆಯ ಬಾತುಗಳು ಒಮ್ಮೆಲೇ ನರಳುತ್ತಿವೆ ಎಂಬುದು ಸರ್ಕಾರಿ ಕಡತಕ್ಕಿಂತ ಮೊದಲು ನಮ್ಮ ರಟ್ಟಿನ ಪೆಟ್ಟಿಗೆಗೆ ಬರುತ್ತದೆ.

ಇನ್ನು ಕುಲಕ್ಕೆ ಏನೂ ಆಗುವುದಿಲ್ಲ ಎಂದಿರಿ. 2000ದ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಟ್ರೆಷರ್ ಎಂಬ ಅದಿರು ಹಡಗು ಮುಳುಗಿ ಎಣ್ಣೆ ಹರಿಯಿತು. ರಾಬೆನ್ ಮತ್ತು ಡಾಸೆನ್ ದ್ವೀಪಗಳ ಪೆಂಗ್ವಿನ್‌ಗಳು ಅದರಲ್ಲಿ ಸಿಕ್ಕಿಕೊಂಡವು. ಎಣ್ಣೆ ಮೆತ್ತಿದ ಸುಮಾರು 19,000 ಆಫ್ರಿಕನ್ ಪೆಂಗ್ವಿನ್‌ಗಳನ್ನು ಹಿಡಿದು ತೊಳೆದರು. ಅವುಗಳಲ್ಲಿ ಬಹುಪಾಲು ಬದುಕಿ ಸಮುದ್ರಕ್ಕೆ ಮರಳಿದವು. ನನಗೆ ಅದಕ್ಕಿಂತ ಜಾಣತನದ್ದು ಎನಿಸುವುದು ಇನ್ನೊಂದು ಉಪಾಯ. ಇನ್ನೂ ಎಣ್ಣೆ ತಾಗದ ಸುಮಾರು 19,500 ಪೆಂಗ್ವಿನ್‌ಗಳನ್ನು ಲಾರಿಗಳಲ್ಲಿ ನೂರಾರು ಕಿಲೋಮೀಟರ್ ದೂರದ ಪೋರ್ಟ್ ಎಲಿಜಬೆತ್ ಬಳಿಗೆ ಒಯ್ದು ಕಡಲಿಗೆ ಬಿಟ್ಟರು. ಅವು ಈಜಿಕೊಂಡು ಮನೆಗೆ ಹೊರಟವು. ಬಂದು ಸೇರುವಷ್ಟರಲ್ಲಿ ಇಲ್ಲಿ ಎಣ್ಣೆ ಬಳಿದು ತೆಗೆದಾಗಿತ್ತು. ಸಂಖ್ಯೆ ಕಡಿಮೆಯಿರುವ, ನಿಧಾನವಾಗಿ ಮರಿ ಹಾಕುವ ಜೀವಿಗಳಲ್ಲಿ ಒಂದೊಂದೂ ಲೆಕ್ಕಕ್ಕೆ ಬರುತ್ತದೆ.

ಅಂಕಿಸಂಖ್ಯೆ:
ಪೆಂಗ್ವಿನ್ ವಿಷಯ ಒಪ್ಪಿದೆ. ಹದ್ದಿನ ವಿಷಯ ಒಪ್ಪುವುದಿಲ್ಲ. ಅದು ಅಪರೂಪದ ಜೀವಿಯಲ್ಲ. ಅದು ಹಿಡಿದ ಬೋನಿನಲ್ಲಿ ಮುಂದಿನ ಇಪ್ಪತ್ತು ವರ್ಷ ಹಾರಬಲ್ಲ ಗಾಯಾಳುಗಳಿಗೆ ಜಾಗವಿಲ್ಲ ಎಂಬುದನ್ನು ಯಾರೂ ಇನ್ನೂ ಹೇಳಿಲ್ಲ.

ಅಳಿಲಮ್ಮ:
ನಾನು ಅನಾಥ ಮರಿಗಳನ್ನು ಮಾತ್ರ ನೋಡಿಕೊಳ್ಳುವವಳು, ಅದೂ ಪರವಾನಗಿ ಪಡೆದ ಕೇಂದ್ರದ ಅಡಿಯಲ್ಲಿ. ಅನೇಕ ದೇಶಗಳಲ್ಲಿ ಕಾಡುಜೀವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ. ಹದ್ದಿನ ಬಗ್ಗೆ ಹೇಳುವಷ್ಟು ಬಲ್ಲವಳಲ್ಲ, ಮರಿಗಳ ಬಗ್ಗೆ ಹೇಳುತ್ತೇನೆ.

ಹಸುವಿನ ಹಾಲು ಎಲ್ಲರಿಗೂ ಅಮೃತವಲ್ಲ. ಹಕ್ಕಿ ಸಸ್ತನಿಯೇ ಅಲ್ಲ, ಅದಕ್ಕೆ ಹಾಲು ದಕ್ಕುವುದಿಲ್ಲ. ಸಸ್ತನಿಗಳಲ್ಲೂ ಒಂದೊಂದರ ಹಾಲಿನ ಕೊಬ್ಬು, ಸಕ್ಕರೆ, ಪ್ರೋಟೀನು ಬೇರೆ ಬೇರೆ. ಕೀನ್ಯಾದ ಡ್ಯಾಫ್ನೆ ಶೆಲ್ಡ್ರಿಕ್ ಹಾಲು ಕುಡಿಯುವ ಆನೆಮರಿಗಳನ್ನು ಉಳಿಸಲು ವರ್ಷಗಟ್ಟಲೆ ಹೆಣಗಿದರು. ಹಸುವಿನ ಹಾಲಿನ ಕೊಬ್ಬು ಆನೆಮರಿಗೆ ಒಗ್ಗದು, ತೆಂಗಿನೆಣ್ಣೆ ಒಗ್ಗುತ್ತದೆ ಎಂದು ಕಂಡುಕೊಂಡ ಮೇಲೆಯೇ ಮರಿಗಳು ಉಳಿಯತೊಡಗಿದವು. ಅವರು ಕಲಿತ ಇನ್ನೊಂದು ಪಾಠ ನನಗೆ ಹೆಚ್ಚು ಮುಖ್ಯ: ಒಬ್ಬರೇ ಪಾಲಕರಿಗೆ ಅಂಟಿಕೊಂಡ ಮರಿ ಆ ಒಬ್ಬರು ಮರೆಯಾದರೆ ಕೊರಗಿ ಸಾಯಬಹುದು, ಆದ್ದರಿಂದ ಪಾಲಕರನ್ನು ಬದಲಿಸುತ್ತಿರಬೇಕು.

ಮಾಂಸಾಹಾರಿ ಮರಿಗೆ ಬರೀ ಮೆತ್ತನೆಯ ಮಾಂಸ ಹಾಕುವವರಿದ್ದಾರೆ. ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ಫಾಸ್ಫರಸ್ ಹತ್ತು ಪಟ್ಟಿಗೂ ಮಿಕ್ಕಿ ಇರುತ್ತದೆ. ಬೆಳೆಯುವ ದೇಹ ಆ ಕೊರತೆಯನ್ನು ತನ್ನ ಮೂಳೆಯಿಂದಲೇ ತೆಗೆದು ತುಂಬಿಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಕಾಲು ಬಿಲ್ಲಿನಂತೆ ಬಾಗುತ್ತದೆ. ಕಾಡಿನಲ್ಲಿ ಅವು ಬೇಟೆಯನ್ನು ಮೂಳೆ, ಕರುಳು, ತುಪ್ಪಳದ ಸಮೇತ ತಿನ್ನುತ್ತವೆ.

ಎಲ್ಲಕ್ಕಿಂತ ಕಷ್ಟದ್ದು ಪ್ರೀತಿಯನ್ನು ಹಿಡಿದಿಟ್ಟುಕೊಳ್ಳುವುದು. ಮೊಟ್ಟೆಯಿಂದ ಹೊರಬಂದ ಹೆಬ್ಬಾತಿನ ಮರಿ ಮೊದಲು ಕಂಡ ಚಲಿಸುವ ಜೀವಿಯನ್ನೇ ತಾಯಿ ಎಂದು ಹಿಂಬಾಲಿಸುವುದನ್ನು ವಿವರವಾಗಿ ಅಧ್ಯಯನ ಮಾಡಿದವರು ಕೊನ್ರಾಡ್ ಲೊರೆಂಟ್ಸ್. 1973ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು. ಮನುಷ್ಯನನ್ನೇ ತನ್ನ ಜಾತಿ ಎಂದು ತಿಳಿದ ಗೂಬೆಯನ್ನು ಬಿಟ್ಟರೆ ಅದು ಸಂಗಾತಿಯನ್ನು ಹುಡುಕುವುದಿಲ್ಲ, ಜನರ ಹೆಗಲ ಮೇಲೆ ಬಂದು ಕೂರುತ್ತದೆ, ಯಾರೋ ಹೆದರಿ ಕೋಲು ಎತ್ತುತ್ತಾರೆ. 1982ರಲ್ಲಿ ಅಮೆರಿಕದ ದೊಡ್ಡ ರಣಹದ್ದಾದ ಕ್ಯಾಲಿಫೋರ್ನಿಯಾ ಕಾಂಡೊರ್‌ನ ಸಂಖ್ಯೆ ಇಪ್ಪತ್ತೆರಡಕ್ಕೆ ಇಳಿದಿತ್ತು. ಅವನ್ನು ಸಾಕಿ ಕಾಡಿಗೆ ಬಿಡುವ ಕಾರ್ಯಕ್ರಮದಲ್ಲಿ ಮರಿಗಳಿಗೆ ಕಾಂಡೊರ್ ತಲೆಯಂಥ ಕೈಗೊಂಬೆಯಿಂದ ಉಣಿಸಿದರು. ಆದರೂ ಬಿಟ್ಟ ಕೆಲವು ಹಕ್ಕಿಗಳು ಕಟ್ಟಡಗಳ ಹತ್ತಿರ ಸುಳಿಯತೊಡಗಿದ್ದರಿಂದ, ಹಿರಿಯ ಕಾಂಡೊರ್‌ಗಳನ್ನೇ ಗುರುಗಳಾಗಿ ಜೊತೆಗಿರಿಸಿದರು. ಗೊಂಬೆ ಉಣಿಸಬಲ್ಲದು, ಗದರಲಾರದು.

ಮಂಜಿನಹನಿ:
ಅಳಿಲಮ್ಮ, ನೀವೇ ದಾರಿ ತೋರಿಸಿದಿರಲ್ಲ! ಹಾರಲಾರದ ಹದ್ದು ಅನಾಥ ಹದ್ದುಮರಿಗಳಿಗೆ ಸಾಕುತಾಯಿಯಾಗಲಿ. ಮರಿಗಳಿಗೆ ಗದರುವವರು ಸಿಕ್ಕರು, ಇದಕ್ಕೆ ಬದುಕಲು ಕಾರಣ ಸಿಕ್ಕಿತು.

ಕಾಡುವೈದ್ಯೆ:
ಒಳ್ಳೆಯ ಯೋಚನೆ, ಮತ್ತು ನಡೆಯುವಂಥದ್ದೇ. ಗೂಬೆ, ಹದ್ದು, ಗಿಡುಗಗಳಲ್ಲಿ ಹಾರಲಾರದ ಹಿರಿಯ ಹಕ್ಕಿಗಳು ಮರಿ ಸಾಕಿ ದೊಡ್ಡದು ಮಾಡಿದ ಉದಾಹರಣೆಗಳು ಹಲವು ಕೇಂದ್ರಗಳಲ್ಲಿವೆ. ಆದರೆ ಎಲ್ಲ ಹಕ್ಕಿಗೂ ಆ ಸ್ವಭಾವ ಇರುವುದಿಲ್ಲ. ನೋವಿಲ್ಲದೆ ಇರಬೇಕು, ಬೋನಿನ ಗೋಡೆಗೆ ಬಡಿದುಕೊಳ್ಳದೆ ಇರಬೇಕು, ಪಾಲಕರು ಬಂದಾಗ ಗಾಬರಿಗೆ ಬಾಯಿ ತೆರೆದು ಏದುಸಿರು ಬಿಡದೆ ಇರಬೇಕು. ಗರಿಗಾವಲು ಅವರೇ, ಅಂಗಾಲು ಹೇಗಿದೆ? ಎದೆಯ ಮೂಳೆಯ ಎರಡೂ ಬದಿಯ ಸ್ನಾಯು ತುಂಬಿಕೊಂಡಿದೆಯೆ, ಇಳಿದಿದೆಯೆ? ಬಾಲದ ಗರಿ ಮುರಿದಿದೆಯೆ?

ಗರಿಗಾವಲು:
ಸ್ನಾಯು ಇಳಿದಿದೆ. ಬಾಲದ ಗರಿಗಳು ಬಹುತೇಕ ಮುರಿದಿವೆ, ಬಲೆಗೆ ಬಡಿದು ಬಡಿದು. ಎಡ ಅಂಗಾಲಿನಲ್ಲಿ ಕೆಂಪಗಿನ ಊತ ಶುರುವಾಗಿದೆ. ಮುರಿದ ರೆಕ್ಕೆಯನ್ನು ವೈದ್ಯರು ಮುಟ್ಟಿದಾಗ ಕೊಕ್ಕು ಕಟಕಟಿಸುತ್ತದೆ.

ಕಾಡುವೈದ್ಯೆ:
ಹಾಗಿದ್ದರೆ ಉತ್ತರ ನೀವೇ ಬರೆದಿದ್ದೀರಿ. ನೋವಿದೆ, ಹೆದರಿಕೆ ಇಳಿದಿಲ್ಲ, ಕಾಲು ಕೆಡುತ್ತಿದೆ. ಇಂಥ ಹಕ್ಕಿಯ ಮುಂದೆ ಮರಿಗಳನ್ನಿಟ್ಟರೆ ಮರಿಗಳಿಗೂ ಅಪಾಯ. ನಾನಾಗಿದ್ದರೆ ಮಲಗಿಸುತ್ತಿದ್ದೆ. ಅರಿವಳಿಕೆಯ ಅನಿಲ ಮೊದಲು, ಅದು ಪೂರ್ತಿ ಪ್ರಜ್ಞೆ ತಪ್ಪಿದ ಮೇಲೆ ಚುಚ್ಚುಮದ್ದು. ಹದ್ದಿಗೆ ಗೊತ್ತಾಗುವುದು ನಿದ್ದೆ ಬಂದದ್ದು ಮಾತ್ರ. ಶವವನ್ನು ಹಾಳು ಮಾಡಬೇಡಿ. ಯಕೃತ್ತು, ಮೂತ್ರಪಿಂಡಗಳನ್ನು ಸೀಸದ ಪರೀಕ್ಷೆಗೆ ಕಳಿಸಿ. ಸೀಸ ಏರಿದ ಹಕ್ಕಿ ಮಂಕಾಗಿ ಎಲ್ಲೆಲ್ಲೋ ಡಿಕ್ಕಿ ಹೊಡೆಯುತ್ತದೆ, ಮೂಳೆ ಮುರಿತದ ಹಿಂದೆ ಅದೂ ಇರಬಹುದು. ಇನ್ನೊಂದು ಎಚ್ಚರಿಕೆ: ಮಲಗಿಸಿದ ಮದ್ದು ಮಾಂಸದಲ್ಲಿ ಉಳಿಯುತ್ತದೆ. ಬಯಲಿಗೆ ಎಸೆದರೆ ತಿಂದ ಪ್ರಾಣಿಯೂ ಸಾಯುತ್ತದೆ. ಸುಡಿ ಅಥವಾ ಆಳವಾಗಿ ಹೂಳಿ.

ಹಳೆಹುಲಿ:
ಇಂಥ ನಿರ್ಧಾರಗಳ ಮಾತು ಬಂದಾಗಲೆಲ್ಲ ಬಿಡುಗಡೆಯ ನಿರ್ಧಾರವೂ ಇಷ್ಟೇ ಗಟ್ಟಿಯಾಗಿರಬೇಕು ಎಂದು ಹೇಳುತ್ತಾ ಬಂದಿದ್ದೇನೆ. ಬಾಗಿಲು ತೆರೆದು, ವಿಡಿಯೋ ತೆಗೆದು, ಚಪ್ಪಾಳೆ ತಟ್ಟಿದ ಹಕ್ಕಿಗಳಲ್ಲಿ ಎಷ್ಟೋ ಹತ್ತಿರದ ಮರದ ಆಚೆಗೇ ಹಸಿದು ಸಾಯುತ್ತವೆ, ಅದರ ವಿಡಿಯೋ ಯಾರೂ ತೆಗೆಯುವುದಿಲ್ಲ. ಬೇಟೆಹಕ್ಕಿ ಉದ್ದನೆಯ ಹಾರಾಟದ ಬೋನಿನಲ್ಲಿ ಏದುಸಿರು ಬಿಡದೆ ಹಲವು ಸುತ್ತು ಹಾರಬೇಕು, ಸದ್ದಿಲ್ಲದೆ ಇಳಿಯಬೇಕು. ನೀರುಹಕ್ಕಿ ಗಂಟೆಗಟ್ಟಲೆ ತೇಲಿದರೂ ಒಳಪುಕ್ಕ ನೆನೆಯಬಾರದು. ಮರಿಯಾಗಿ ಬಂದದ್ದು ತಾನೇ ಬೇಟೆ ಹಿಡಿದು ತೋರಿಸಬೇಕು. ಮನುಷ್ಯನನ್ನು ಕಂಡರೆ ಓಡಬೇಕು. ಅದರ ಮೈಯಿಂದ ಕಾಡಿಗೆ ಹೊಸ ರೋಗ ಹೋಗಬಾರದು. ವಲಸೆಯ ಹಕ್ಕಿಯಾದರೆ ಅದರ ಬಳಗ ಇನ್ನೂ ಆ ಪ್ರದೇಶದಲ್ಲಿರುವ ಕಾಲವಾಗಿರಬೇಕು. ಬಿಟ್ಟ ಮೇಲೂ ಕೆಲವು ದಿನ ಆಹಾರ ಇಟ್ಟು, ಬೇಡವಾದಾಗ ತಾನೇ ಬಿಟ್ಟುಹೋಗಲಿ ಎನ್ನುವ ಕ್ರಮ ಮರಿಗಳಿಗೆ ಒಳ್ಳೆಯದು. ಹಿರಿಯ ಪ್ರಾಣಿಗೆ ಅದು ಬೇಡ, ತನ್ನ ಜಾಗಕ್ಕೆ ಆದಷ್ಟು ಬೇಗ ಹೋಗಲಿ. ಕಾಲಿಗೆ ಗುರುತಿನ ಉಂಗುರ ಹಾಕದೆ ಬಿಟ್ಟರೆ ನಾವು ಗೆದ್ದೆವೋ ಸೋತೆವೋ ತಿಳಿಯುವ ದಾರಿಯೇ ಇರುವುದಿಲ್ಲ.

ನಿಶಾಚರ:
ಜಿಂಕೆ, ಮೊಲ, ಉದ್ದ ಕಾಲಿನ ಕೊಕ್ಕರೆಗಳ ಬಗ್ಗೆಯೂ ಹೇಳಿಬಿಡಿ. ಬೆನ್ನಟ್ಟಿ ಹಿಡಿದರೆ ಅವುಗಳ ಸ್ನಾಯುಗಳೇ ಒಡೆದು, ಆ ಕಸ ಮೂತ್ರಪಿಂಡಕ್ಕೆ ತುಂಬಿ, ಕೆಲವು ಗಂಟೆಗಳಿಂದ ಹಿಡಿದು ವಾರಗಳ ನಂತರವೂ ಸಾಯುತ್ತವೆ. ಕ್ಯಾಪ್ಚರ್ ಮಯೋಪಥಿ ಎಂದು ಹೆಸರು. ಮದ್ದು ಬಹುತೇಕ ಇಲ್ಲ. ಗುಂಪು ಕಟ್ಟಿಕೊಂಡು ಅಟ್ಟಿಸಿಕೊಂಡು ಹೋಗುವವರು ಇದನ್ನು ಓದಲಿ.

ಗರಿಗಾವಲು:
ನಿನ್ನೆ ಸಂಜೆ ಎಲ್ಲರೂ ಕುಳಿತು ಮಾತನಾಡಿದೆವು. ವೈದ್ಯರ ಸಲಹೆಯಂತೆ ನಡೆದುಕೊಂಡೆವು. ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ್ದೇವೆ, ಸೀಸದ ವರದಿ ಬಂದರೆ ಇಲ್ಲಿ ಹಾಕುತ್ತೇನೆ. ತಂದುಕೊಟ್ಟವರಿಗೆ ವಿಷಯ ತಿಳಿಸಿದೆ. ಬೈಯಲಿಲ್ಲ. ಮುಂದಿನ ಸಲ ಅದೇ ದಿನ ತನ್ನಿ ಎಂದಷ್ಟೇ ಹೇಳಿದೆ. ನಮ್ಮ ದಾಖಲೆ ಪುಸ್ತಕದಲ್ಲಿ ಹೊಸ ಅಂಕಣವೊಂದು ಸೇರಿಸಿದ್ದೇವೆ: ನಮ್ಮಲ್ಲಿಗೆ ಬರುವ ಮೊದಲು ಏನು ತಿನ್ನಿಸಿದರು, ಏನು ಕಟ್ಟಿದರು, ಎಷ್ಟು ದಿನ ಇಟ್ಟುಕೊಂಡಿದ್ದರು.

ಮಂಜಿನಹನಿ:
ನಾನು ಒಪ್ಪಿಲ್ಲ. ಇನ್ನೂ ಒಂದು ತಿಂಗಳು ನೋಡಬಹುದಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಹಳೆಹುಲಿಯವರ ಆ ರಟ್ಟಿನ ಪೆಟ್ಟಿಗೆಯ ಸೂಚನೆಯನ್ನು ಮುದ್ರಿಸಿ ನಮ್ಮ ಶಾಲೆಯ ಗೋಡೆಗೆ ಅಂಟಿಸುತ್ತೇನೆ, ಅನುಮತಿ ಇದೆಯೆ?

ಹಳೆಹುಲಿ:
ಧಾರಾಳವಾಗಿ. ಬಾಯಿಗೆ ನೀರು ಬಿಡಬೇಡಿ ಎಂಬ ಸಾಲನ್ನು ದೊಡ್ಡ ಅಕ್ಷರದಲ್ಲಿ ಹಾಕಿ.

ಹಿತ್ತಲಹಕ್ಕಿ:
ಪಿಕಳಾರದ ಮರಿಯನ್ನು ಪೊದೆಯ ಮೇಲೆ ಕೂರಿಸಿದೆ. ದೊಡ್ಡವು ಎರಡೂ ಬಂದು ಉಣಿಸುತ್ತಿವೆ. ಆದರೆ ಪಕ್ಕದ ಮನೆಯವರು ಬೆಕ್ಕನ್ನು ಒಳಗೆ ಕೂಡಿಹಾಕುವುದು ಹಿಂಸೆ ಎನ್ನುತ್ತಿದ್ದಾರೆ. ಏನು ಹೇಳಲಿ?

ಕಾಡುವೈದ್ಯೆ:
ಒಂದು ವಾರ ಮಾತ್ರ ಎಂದು ಹೇಳಿ. ಮರಿ ಹಾರಲು ಅಷ್ಟು ಸಾಕು. ಒಪ್ಪದಿದ್ದರೆ ಈ ಚರ್ಚೆಯ ಕೊಂಡಿ ಕಳಿಸಿ.